ಪುಟಕ್ಕೆ ಇಷ್ಟು

ಕನ್ನಡ ಪ್ರಕಾಶನಕ್ಕೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ‘ಎಷ್ಟು ಕೊಡ್ತೀರಿ ಸಾರ್?’ ಎಂದು ಕೇಳಿದರೆ ತಿಂಗಳ ಮೊತ್ತ ಹೇಳುವವರು ಕಡಿಮೆ. ‘ಪುಟಕ್ಕೆ ಇಷ್ಟು’ ಎನ್ನುತ್ತಾರೆ. ಟೈಪ್ ಮಾಡಿದರೆ ಪುಟಕ್ಕೆ ಇಷ್ಟು, ಪ್ರೂಫ್ ನೋಡಿದರೆ, ಅಂದರೆ ಕರಡಿನ ತಪ್ಪು ತಿದ್ದಿದರೆ ಇಷ್ಟು, ಅಚ್ಚಿಗೆ ಹೋಗುವಂತೆ ಪುಟ ಕಟ್ಟಿದರೆ ಇಷ್ಟು. ಮಾಡಿದಷ್ಟಕ್ಕೆ ಕೂಲಿ, ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ನನ್ನ ತಕರಾರು ಆ ‘ಪುಟ’ ಎಂಬ ಅಳತೆಯ ಮೇಲೆ. ಬಟ್ಟೆಯನ್ನು ಮೀಟರಿನಲ್ಲಿ ಅಳೆಯಬಹುದು, ಅಕ್ಕಿಯನ್ನು ಕೇಜಿಯಲ್ಲಿ ತೂಗಬಹುದು. ಪುಟವನ್ನು ಅಳೆದರೆ ಸಿಗುವುದು ಕಾಗದದ ಲೆಕ್ಕ. ಅದರ ಮೇಲೆ ಕೂತವರ ಹೊತ್ತಿನ ಲೆಕ್ಕ ಅದರಲ್ಲಿ ಬರುವುದೇ ಇಲ್ಲ.

ಒಂದು ಸಾಧಾರಣ ಪುಸ್ತಕ ತೆಗೆದುಕೊಳ್ಳಿ. 1/8 ಡೆಮಿ ಆಕಾರ (ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ), 200 ಪುಟ. ಪುಟಕ್ಕೆ ಸುಮಾರು 220 ಪದ ಹಿಡಿದರೆ 44,000 ಪದ. ಲೇಖಕರು ಕೈಬರಹದಲ್ಲಿ ಕೊಟ್ಟಿದ್ದಾರೆ ಎನ್ನೋಣ, ಈಗಲೂ ಕೊಡುವವರಿದ್ದಾರೆ. ಅಕ್ಷರ ಬಿಡಿಸಿ ಓದಿಕೊಂಡು, ನಡುನಡುವೆ ಬಾಣದ ಗುರುತು ಹಿಡಿದು ಹಾಳೆಯ ಹಿಂಬದಿಗೆ ಹೋಗಿ ಬಂದು ಟೈಪ್ ಮಾಡುವವರು ಗಂಟೆಗೆ ಆರು ಪುಟ ಮುಗಿಸಿದರೆ ಚುರುಕಿನವರೇ. ಅಲ್ಲಿಗೆ 33 ಗಂಟೆ. ಮೊದಲ ಪ್ರೂಫನ್ನು ಹಸ್ತಪ್ರತಿಗೆ ಹೋಲಿಸಿ ನೋಡಬೇಕು. ಗಂಟೆಗೆ ಏಳು ಪುಟದಂತೆ 28 ಗಂಟೆ. ಎರಡನೆಯದು ಸ್ವಲ್ಪ ಬೇಗ, ಗಂಟೆಗೆ ಹನ್ನೆರಡು ಪುಟ, 17 ಗಂಟೆ. ಮೂರನೆಯ ಸಲ ಹಾಕಿದ ಕರೆಕ್ಷನ್ ಬಂದಿದೆಯೇ, ಒಂದು ಸಾಲು ತಿದ್ದಲು ಹೋಗಿ ಪಕ್ಕದ ಸಾಲು ಕೆಟ್ಟಿದೆಯೇ ಎಂದು ಮಾತ್ರ ನೋಡಿದರೂ 8 ಗಂಟೆ ಬೇಕು. ಪ್ರೂಫ್ ಒಂದಕ್ಕೇ 53 ಗಂಟೆ ಆಯಿತು.

ಈಗ ದರ ಹಾಕಿ. ಲೆಕ್ಕ ಸುಲಭವಾಗಲೆಂದು ಮೂರೂ ಸುತ್ತು ಸೇರಿ ಪುಟಕ್ಕೆ 10 ರೂಪಾಯಿ ಎಂದುಕೊಳ್ಳಿ. 200 ಪುಟಕ್ಕೆ 2,000 ರೂಪಾಯಿ. 53 ಗಂಟೆಗೆ ಭಾಗಿಸಿದರೆ ಗಂಟೆಗೆ 38 ರೂಪಾಯಿಯೂ ಪೂರ್ತಿ ಬರುವುದಿಲ್ಲ. ಎಂಟು ಗಂಟೆಯ ದಿನಕ್ಕೆ 302. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಕನ್ನಡ ಎಂ.ಎ. ಮಾಡಿ, ಹಳಗನ್ನಡ ಓದಿಕೊಂಡು, ಷಟ್ಪದಿಯ ಮಾತ್ರೆ ಎಣಿಸಲು ಬರುವವರು ಕೆರೆ ಹೂಳೆತ್ತುವ ಕೂಲಿಗಿಂತ ಕಡಿಮೆಗೆ ಕೂತಿದ್ದಾರೆ. ಹೂಳೆತ್ತುವ ಕೆಲಸ ಕೀಳು ಎಂದು ಹೇಳುತ್ತಿಲ್ಲ. ಅಲ್ಲಿ ಕನಿಷ್ಠ ಅಳತೆ ಹಿಡಿಯುವ ಇಂಜಿನಿಯರ್ ಒಬ್ಬರು ಬರುತ್ತಾರೆ. ದರ 10ರ ಬದಲು 15 ಎಂದಿಟ್ಟರೂ ಗಂಟೆಗೆ 57ರ ಮೇಲೆ ಏರುವುದಿಲ್ಲ. ನಿಮ್ಮ ಕಡೆ ದರ ಬೇರೆ ಇದ್ದರೆ ಅದನ್ನೇ ಹಾಕಿ ಭಾಗಿಸಿ ನೋಡಿ.

ಇದು ಎಲ್ಲ ನೇರವಾಗಿ ನಡೆದಾಗಿನ ಲೆಕ್ಕ. ನೇರವಾಗಿ ನಡೆಯುವುದು ಅಪರೂಪ.

ಲೇಖಕರು ಸಾಫ್ಟ್ ಕಾಪಿ ಕಳಿಸಿದರೆ ಟೈಪಿಂಗ್ ಉಳಿಯಿತು ಎಂದು ಆ ದರವನ್ನು ಕಳೆಯುತ್ತಾರೆ. ಆ ಫೈಲು ಹತ್ತು ಹದಿನೈದು ವರ್ಷ ಹಳೆಯ ‘ನುಡಿ’ಯಲ್ಲೋ ‘ಶ್ರೀಲಿಪಿ’ಯಲ್ಲೋ, ಅಂದರೆ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುತ್ತದೆ. ಅದನ್ನು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಲು ಗುಂಡಿ ಒತ್ತಿದರೆ ಎರಡು ನಿಮಿಷದ ಕೆಲಸ. ಅದು ಉಳಿಸಿಹೋಗುವ ಕಸ ಎತ್ತುವುದಕ್ಕೆ ಎರಡು ದಿನ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯೂನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ನಡುವೆ ಒತ್ತಕ್ಷರವೋ ದೀರ್ಘವೋ ಇದ್ದರೆ ಪರಿವರ್ತಕ ತಡವರಿಸಿ ಅರ್ಕಾವತ್ತನ್ನು ಪಕ್ಕದ ಅಕ್ಷರದ ತಲೆಗೆ ಕಟ್ಟುತ್ತದೆ. ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡುತ್ತದೆ. ಅಡಿಟಿಪ್ಪಣಿಯ ಅಂಕಿಗಳು ಮೇಲಿಂದ ಕೆಳಗಿಳಿದು ವಾಕ್ಯದ ಜೊತೆ ಸೇರಿ ‘1983’ ಎಂಬ ಇಸವಿ ‘19834’ ಆಗುತ್ತದೆ. ದಪ್ಪಕ್ಷರ, ಓರೆಯಕ್ಷರ ಎಲ್ಲ ಮಾಯ. ಅದನ್ನು ಹಳೆಯ ಪ್ರತಿ ಪಕ್ಕದಲ್ಲಿಟ್ಟುಕೊಂಡು ಮತ್ತೆ ಹಾಕಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಸೊನ್ನೆ. ಅನುಸ್ವಾರದ ಸೊನ್ನೆ (ಂ) ಮತ್ತು ಅಂಕಿಯ ಸೊನ್ನೆ (೦) ಕಣ್ಣಿಗೆ ಒಂದೇ. ಟೈಪ್ ಮಾಡಿದವರು ಒಂದರ ಬದಲು ಇನ್ನೊಂದು ಒತ್ತಿದ್ದರೆ ಅಚ್ಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದೇ ಫೈಲು ಇ-ಬುಕ್ ಆದಾಗ ‘ಗಂಗೆ’ ಎಂದು ಹುಡುಕಿದರೆ ಗಂಗೆ ಸಿಗುವುದಿಲ್ಲ. ‘ರ‍್ಯಾಲಿ’ಯಂಥ ಪದಗಳಲ್ಲಿ ರಕಾರ ಪೂರ್ತಿ ನಿಲ್ಲಬೇಕಾದರೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದು ಹಾರಿಹೋದರೆ ‘ರ್ಯಾಲಿ’ ಆಗಿ ಅರ್ಕಾವತ್ತಿನ ರೂಪ ತಾಳುತ್ತದೆ. ಕಾಣದ ಸಂಕೇತವನ್ನು ಹುಡುಕಿ ಹಾಕಿದ್ದಕ್ಕೆ ಪುಟಕ್ಕೆ ಎಷ್ಟು? ಯಾರೂ ದರ ಹೇಳುವುದಿಲ್ಲ, ಏಕೆಂದರೆ ಅಂಥ ಕೆಲಸವೊಂದು ಇದೆಯೆಂದೇ ಬಿಲ್ಲು ಪಾಸು ಮಾಡುವವರಿಗೆ ತಿಳಿದಿಲ್ಲ.

ಈಗ ಫೋನಿನಿಂದ ಫೋಟೋ ಹೊಡೆದು ಅಕ್ಷರ ಎತ್ತುವುದು ಬಂದಿದೆ. ಹಳೆಯ ಪುಸ್ತಕದ ಮರುಮುದ್ರಣಕ್ಕೆ ಬಹಳ ಅನುಕೂಲ, ನಿಜ. ಆದರೆ ದ, ಧ, ಥ ಬೇರೆಯಾಗುವುದು ಒಂದು ಚುಕ್ಕೆ, ಒಂದು ಸೀಳಿನಿಂದ. ಅಚ್ಚುಮೊಳೆಯ ಕಾಲದ ಸವೆದ ಅಕ್ಷರದಲ್ಲಿ ಯಂತ್ರಕ್ಕೆ ಅದು ಕಾಣುವುದಿಲ್ಲ. ಮನುಷ್ಯರು ಟೈಪ್ ಮಾಡುವಾಗ ಮಾಡುವ ತಪ್ಪು ಅಡ್ಡಾದಿಡ್ಡಿ ಇರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಯಂತ್ರ ಮಾಡುವ ತಪ್ಪು ಸರಿಯಾದ ಪದದಂತೆಯೇ ಕೂತಿರುತ್ತದೆ. ಹಾಗಾಗಿ ಟೈಪಿಂಗ್‌ನಲ್ಲಿ ಉಳಿದ ಹೊತ್ತಿನ ದೊಡ್ಡ ಪಾಲು ಪ್ರೂಫ್ ನೋಡುವವರ ತಲೆಗೆ ಬಂತು. ದರ ಮಾತ್ರ ಹಳೆಯದೇ.

ಪುಟ ಕಟ್ಟುವವರದು ಇನ್ನೊಂದು ಪಾಡು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗೆ ಬೇಕಾದ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅದು ಒಂದು ಸಲ ಕಲಿತರೆ ಮುಗಿಯಿತು. ಮುಗಿಯದ್ದು ಸಾಲಿನ ಸಂದು. ಕನ್ನಡದಲ್ಲಿ ಸಂಧಿ ಸಮಾಸ ಸೇರಿ ‘ಹೇಳಿಕೊಳ್ಳಬೇಕಾಗಿಬಂದಿದ್ದರಿಂದ’ ಎಂಬಂಥ ಪದಗಳು ಬರುತ್ತವೆ. ಎರಡೂ ಅಂಚು ಸಮ ಮಾಡಿದಾಗ ಅಂಥ ಪದ ಕೆಳಗಿನ ಸಾಲಿಗೆ ಹಾರಿ, ಮೇಲಿನ ಸಾಲಿನಲ್ಲಿ ನಾಲ್ಕೇ ಪದ ಉಳಿದು ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು. ಎಲ್ಲಿ ಒಡೆದರೆ ಕಿವಿಗೆ ಕೆಡುವುದಿಲ್ಲ ಎಂದು ನೋಡಿ ಕೈಯಿಂದಲೇ ಒಡೆಯಬೇಕು. ಲೇಖಕರು ಮೇಲೆ ಒಂದು ಪದ ಸೇರಿಸಿದರೆ ಆ ಪ್ಯಾರಾ ಪೂರ್ತಿ ಮತ್ತೆ ನೋಡಬೇಕು.

ಮತ್ತೆ ಫಾರಂ ಲೆಕ್ಕ. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಸುವ ಹದಿನಾರು ಪುಟಕ್ಕೆ ಒಂದು ಫಾರಂ. ಒಳಪುಟ 192 ಎಂದರೆ ಸರಿಯಾಗಿ ಹನ್ನೆರಡು. ಹೆಸರಿನ ಪುಟ, ಹಕ್ಕು ಪುಟ, ಅರ್ಪಣೆ, ಪರಿವಿಡಿ, ಮುನ್ನುಡಿ ಸೇರಿ ಮೊದಲ 8 ಪುಟ ಅರ್ಧ ಫಾರಂ. ಮುನ್ನುಡಿ ಬರೆಯುವವರು ನಾಲ್ಕು ಪುಟ ಕೊಡುತ್ತೇನೆಂದು ಒಪ್ಪಿ, ಬಿಡುಗಡೆಗೆ ಹತ್ತು ದಿನ ಇರುವಾಗ ಹದಿನಾಲ್ಕು ಪುಟ ಕಳಿಸುತ್ತಾರೆ. (ಕನ್ನಡದಲ್ಲಿ ಮುನ್ನುಡಿ ತಡವಾಗಿ ಬಂದಷ್ಟೂ ಉದ್ದವಾಗಿರುತ್ತದೆ. ಕಾರಣ ಹೇಳಲಾರೆ.) ಈಗ ಅರ್ಧ ಫಾರಂ ಸಾಲದು, ಒಂದು ಫಾರಂಗೆ ಎರಡು ಪುಟ ಹೆಚ್ಚು. ಅಕ್ಷರ ಅರ್ಧ ಪಾಯಿಂಟ್ ಇಳಿಸು, ಸಾಲಿನ ನಡುವಿನ ಜಾಗ ಒತ್ತು. ಮುಖಪುಟ ಆಗಲೇ ಕಲಾವಿದರಿಂದ ಬಂದಿದ್ದರೆ ಬೆನ್ನಿನ ಅಗಲ ತಪ್ಪುತ್ತದೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದದಲ್ಲಿ 200 ಪುಟವೆಂದರೆ ನೂರು ಹಾಳೆ, ಬೆನ್ನು ಸುಮಾರು 10 ಮಿಲಿಮೀಟರ್. ಎಂಟು ಪುಟ ಏರಿದರೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಮುಖಪುಟವನ್ನು ಮತ್ತೆ ಸರಿಮಾಡಬೇಕು. ಇಷ್ಟೆಲ್ಲ ಆದಮೇಲೆ ಬಿಲ್ಲಿನಲ್ಲಿ ಏರುವುದು ಎಂಟು ಪುಟದ ದುಡ್ಡು. ಮೂರು ರಾತ್ರಿಯದ್ದಲ್ಲ.

ಮೂರು ರಾತ್ರಿ ಎಂದದ್ದು ಅಲಂಕಾರಕ್ಕಲ್ಲ. ಬಿಡುಗಡೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಆಹ್ವಾನ ಪತ್ರಿಕೆ ಹಂಚಿಯಾಗಿದೆ, ಅತಿಥಿಗಳು ಒಪ್ಪಿದ್ದಾರೆ, ಸಭಾಂಗಣಕ್ಕೆ ದುಡ್ಡು ಕಟ್ಟಿದೆ. ಬೈಂಡಿಂಗ್‌ಗೆ ಎರಡು ದಿನ ಬೇಕೇಬೇಕು, ಅಂಟು ಒಣಗದೆ ಕತ್ತರಿಸಿದರೆ ಹಾಳೆ ಬಿಡುತ್ತದೆ. ಪ್ರೆಸ್ಸಿನವರು ತಮ್ಮ ಹೊತ್ತನ್ನು ಬಿಟ್ಟುಕೊಡುವುದಿಲ್ಲ, ಬಿಡಲೂ ಬಾರದು. ಕುಗ್ಗಿಸಲು ಸಿಗುವುದು ಪ್ರೂಫಿನ ಹೊತ್ತು ಒಂದೇ. ಭಾನುವಾರ ಬೆಳಿಗ್ಗೆ ಪ್ರೂಫ್ ನೋಡಿದ ಹುಡುಗಿಯೇ ಪುಸ್ತಕದ ಕಟ್ಟು ಆಟೋದಲ್ಲಿ ಹಾಕಿಕೊಂಡು ಬಂದು, ಬಾಗಿಲ ಬಳಿ ಟೇಬಲ್ ಹಾಕಿ, ಚಿಲ್ಲರೆ ಎಣಿಸುತ್ತ ಮಾರಾಟಕ್ಕೆ ನಿಂತಿರುತ್ತಾಳೆ. ಅದರ ಬದಲು ಸೋಮವಾರ ರಜೆ ಕೊಡುವವರು ಇದ್ದಾರೆ, ಇಲ್ಲವೆನ್ನಲಾರೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಸರಣಿ ಬಿಡುಗಡೆ. ಡಿಸೆಂಬರ್ ಅದಕ್ಕಿಂತ ಕಷ್ಟ: ಗ್ರಂಥಾಲಯ ಖರೀದಿಗೂ ಬಹುಮಾನಗಳಿಗೂ ಆಯಾ ಇಸವಿಯಲ್ಲಿ ಮೊದಲ ಮುದ್ರಣ ಕಂಡ ಪುಸ್ತಕ ಎಂಬ ನಿಯಮವಿರುವುದರಿಂದ 31ನೇ ತಾರೀಕಿನೊಳಗೆ ಇಸವಿ ಹಾಕಿ ಅಚ್ಚಾಗಬೇಕು.

ಇಲ್ಲಿ ಪ್ರಕಾಶಕರ ಕಡೆಯ ಮಾತನ್ನೂ ಹೇಳಬೇಕು, ಹೇಳದಿದ್ದರೆ ಅರ್ಧ ಸತ್ಯ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಅನೇಕ ಸಣ್ಣ ಪ್ರಕಾಶನಗಳ ಉಸಿರು. ಅಲ್ಲಿಯೂ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲೇ! ಹಕ್ಕು ಪುಟದಲ್ಲಿ ಪುಟಸಂಖ್ಯೆ, ಆಕಾರ, ಕಾಗದದ ಜಿಎಸ್‌ಎಂ ಅಚ್ಚು ಹಾಕುವುದು ಓದುಗರಿಗೋಸ್ಕರ ಎಂದುಕೊಂಡಿದ್ದರೆ ಅಲ್ಲ. ಮೂರು ಸಲ ಪ್ರೂಫ್ ನೋಡಿದ ಪುಸ್ತಕಕ್ಕೂ ಒಂದು ಸಲವೂ ನೋಡದ ಪುಸ್ತಕಕ್ಕೂ ಅಲ್ಲಿ ಸಿಗುವ ದರ ಒಂದೇ. ಆಮೇಲೆ ಬಿಲ್ಲು ಯಾವಾಗ ಬರುತ್ತದೋ ಬರುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ಕಾಗದಕ್ಕೆ ಕಟ್ಟಿದ ಜಿಎಸ್‌ಟಿ ವಾಪಸು ಸಿಗುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಂಚೆಯವರು ಬುಕ್ ಪೋಸ್ಟ್ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಒಂದೊಂದೇ ಪ್ರತಿ ಕಳಿಸುವ ಖರ್ಚೂ ಏರಿತು. ಅಂಚೆ ಖರ್ಚು ಏರಿತೆಂದು ದೂರುವ ಓದುಗರ ಫೋನು ಎತ್ತುವವರೂ ಪ್ರೂಫ್ ನೋಡುವವರೇ ಎಂಬುದು ಬೇರೆ ಮಾತು.

ಇಷ್ಟೆಲ್ಲ ಒಪ್ಪಿಕೊಂಡೇ ಕೇಳುತ್ತೇನೆ: ಪ್ರೂಫ್ ನೋಡುವವರಿಗೆ ಗಂಟೆಗೆ 150 ರೂಪಾಯಿ ಕೊಟ್ಟರೆ ಪುಸ್ತಕ ಮುಳುಗುತ್ತದೆಯೇ? 53 ಗಂಟೆಗೆ 7,950. ಐನೂರು ಪ್ರತಿಗೆ ಹಂಚಿದರೆ ಪ್ರತಿಗೆ 16 ರೂಪಾಯಿ. ಈಗಿನ 2,000 ರೂಪಾಯಿ ಲೆಕ್ಕದಲ್ಲಿ ಪ್ರತಿಗೆ 4 ಬೀಳುತ್ತಿದೆ. ವ್ಯತ್ಯಾಸ 12 ರೂಪಾಯಿ. 250 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಅಂಗಡಿಯವರಿಗೆ ಶೇಕಡಾ 35 ರಿಯಾಯಿತಿ ಎಂದರೆ 87 ರೂಪಾಯಿ ಮೀರುತ್ತದೆ. ಅದು ಭಾರ ಅನ್ನಿಸುವುದಿಲ್ಲ. ನೂರು, ಇನ್ನೂರು ಪ್ರತಿ ಮಾತ್ರ ಹಾಕಿಸುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ, ಒಪ್ಪುತ್ತೇನೆ. 12 ಇದ್ದದ್ದು ಇನ್ನೂರು ಪ್ರತಿಯಾದರೆ 30, ನೂರಾದರೆ 60 ಆಗುತ್ತದೆ. ಅಂಥವರು ಎರಡು ಸುತ್ತಿಗೆ ಮಾತಾಡಿ ಎರಡು ಸುತ್ತನ್ನೇ ಮಾಡಿಸಲಿ. ಎರಡರ ದುಡ್ಡು ಕೊಟ್ಟು ನಾಲ್ಕು ಮಾಡಿಸುವುದು ಬೇಡ.

ಕಾನೂನು ಏನು ಹೇಳುತ್ತದೆ? ಇಎಸ್‌ಐ ಬೇಕಾದರೆ ಹತ್ತು ಜನ ಕೆಲಸಗಾರರಿರಬೇಕು, ಗ್ರ್ಯಾಚುಯಿಟಿಗೂ ಹತ್ತು. ಪಿಎಫ್‌ಗೆ ಇಪ್ಪತ್ತು, ಬೋನಸ್‌ಗೂ ಇಪ್ಪತ್ತು. ಕನ್ನಡದ ಪ್ರಕಾಶನಗಳಲ್ಲಿ ಬಹುಪಾಲು ನಾಲ್ಕೈದು ಜನರ ಮನೆವಾರ್ತೆ. ಅಲ್ಲಿಗೆ ಇವೆಲ್ಲ ತಲೆಯ ಮೇಲಿಂದ ಹಾರಿಹೋಗುತ್ತವೆ. ತಲೆಗೆಣಿಕೆ ಕೇಳದ್ದು ವೇತನ ಸಂಹಿತೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಅದೂ ಒಂದು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕು ದಾಟಬಾರದು. ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ‘ಗ್ರಂಥಾಲಯದ ಬಿಲ್ಲು ಬರಲಿ’ ಎಂಬ ಕಾರಣ ಅದರಲ್ಲಿ ಎಲ್ಲಿಯೂ ಇಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು 12ನೇ ಕಲಂ: ತುಂಡು ಲೆಕ್ಕದಲ್ಲಿ ಕೆಲಸ ಮಾಡಿಸುವಲ್ಲಿ ಸರ್ಕಾರ ತುಂಡಿಗೆ ಕನಿಷ್ಠ ದರ ಗೊತ್ತುಮಾಡದೆ ಹೊತ್ತಿಗೆ ಮಾತ್ರ ಗೊತ್ತುಮಾಡಿದ್ದರೆ, ಆ ಹೊತ್ತಿನ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಹಳೆಯ ಕನಿಷ್ಠ ವೇತನ ಕಾಯಿದೆಯಲ್ಲೂ ಇದಿತ್ತು. ‘ಪುಟಕ್ಕೆ ಇಷ್ಟು’ ಎಂದರೆ ಹೊತ್ತು ಲೆಕ್ಕಕ್ಕಿಲ್ಲ ಎಂದುಕೊಂಡವರಿಗೆ ಇದು ಗೊತ್ತಿರಲಿ. ಮನೆಯಲ್ಲೇ ಕೂತು ಮೂರು ಪ್ರಕಾಶನಕ್ಕೆ ಪ್ರೂಫ್ ನೋಡುವವರು ‘ನೌಕರರು’ ಹೌದೋ ಅಲ್ಲವೋ ಎಂಬ ವಾದ ಎದ್ದೇ ಏಳುತ್ತದೆ. ದಿನಾ ಹತ್ತು ಗಂಟೆಗೆ ಆಫೀಸಿಗೆ ಬಂದು ಅಲ್ಲಿನ ಕಂಪ್ಯೂಟರಿನಲ್ಲೇ ಕೂರುವವರ ವಿಷಯದಲ್ಲಿ ಆ ವಾದಕ್ಕೆ ಜಾಗ ಕಡಿಮೆ.

ಸಂಘ ಕಟ್ಟಿ ಎನ್ನುವವರು ನ್ಯೂಯಾರ್ಕಿನ ಕಡೆ ಬೆರಳು ತೋರಿಸುತ್ತಾರೆ. 2022ರ ನವೆಂಬರ್ 10ರಂದು ಹಾರ್ಪರ್‌ಕಾಲಿನ್ಸ್ ಪ್ರಕಾಶನದ ಸುಮಾರು 250 ಮಂದಿ ಮುಷ್ಕರಕ್ಕೆ ಕೂತರು, ಮುಗಿದದ್ದು ಮರುವರ್ಷದ ಫೆಬ್ರವರಿಯಲ್ಲಿ. ಹೊಸಬರ ಕನಿಷ್ಠ ಸಂಬಳ ವರ್ಷಕ್ಕೆ 45,000 ಡಾಲರ್ ಇದ್ದದ್ದು 47,500ಕ್ಕೆ ಏರಿ, 2025ಕ್ಕೆ 50,000 ತಲುಪುವಂತೆ ಒಪ್ಪಂದವಾಯಿತು. ಆದರೆ ಅವರೆಲ್ಲ ಒಂದೇ ಕಂಪನಿಯ ನೌಕರರು, ಸಂಘ ಮೊದಲೇ ಇತ್ತು. ಇಲ್ಲಿ ಗಾಂಧಿನಗರದಲ್ಲೊಬ್ಬರು, ಧಾರವಾಡದಲ್ಲಿಬ್ಬರು, ಮೈಸೂರಿನಲ್ಲೊಬ್ಬರು. ಮುಷ್ಕರ ಮಾಡಿದರೆ ಯಾರ ಬಾಗಿಲ ಮುಂದೆ ಕೂರುವುದು? ಮೂರು ತಿಂಗಳು ಕೆಲಸ ನಿಂತರೆ ಪ್ರಕಾಶಕರು ಲೇಖಕರ ಮಗನ ಹತ್ತಿರ ಪ್ರೂಫ್ ನೋಡಿಸುತ್ತಾರೆ. ಆಮೇಲೆ ತಪ್ಪು-ಸರಿಗಳ ಪಟ್ಟಿಯಾದ ಒಪ್ಪೋಲೆ ಅಂಟಿಸುತ್ತಾರೆ, ಅಷ್ಟೇ.

ಹಾಗಾಗಿ ಸದ್ಯಕ್ಕೆ ಕೈಯಲ್ಲಿರುವುದು ಕೆಲಸ ಒಪ್ಪಿಕೊಳ್ಳುವ ದಿನದ ಮಾತು. ದರವನ್ನು ಪುಟಕ್ಕೆ ಹೇಳಬೇಡಿ, ಸಾವಿರ ಪದಕ್ಕೆ ಹೇಳಿ. ಅಕ್ಷರ ಅರ್ಧ ಪಾಯಿಂಟ್ ಇಳಿಸಿ 200 ಪುಟವನ್ನು 184 ಮಾಡಿದರೆ ಕಳೆದುಕೊಳ್ಳುವವರು ನೀವೇ. ಎಷ್ಟು ಸುತ್ತು ಎಂದು ವಾಟ್ಸಾಪಿನಲ್ಲಾದರೂ ಬರೆಯಿಸಿಕೊಳ್ಳಿ, ಮೂರನೆಯದಕ್ಕಿಂತ ಮುಂದೆ ಗಂಟೆಯ ಲೆಕ್ಕ. ಪರಿವರ್ತನೆಯ ಕಸ ತೆಗೆಯುವುದಕ್ಕೆ ಬೇರೆ ದರ, ಯಾವ ಪದ ಯಾವ ಪುಟದಲ್ಲಿದೆ ಎಂದು ಹೇಳುವ ಪದಸೂಚಿಗೆ ಬೇರೆ ದರ. ಪದಸೂಚಿಯನ್ನು ಪುಟಸಂಖ್ಯೆ ಅಂತಿಮವಾಗುವ ಮುಂಚೆ ಶುರುಮಾಡಲೇಬೇಡಿ. ಪುಟ ಕಟ್ಟಿದ ಮೇಲೆ ಲೇಖಕರು ಹೊಸ ಪ್ಯಾರಾ ಸೇರಿಸಿದರೆ ಅದು ಪ್ರೂಫ್ ಅಲ್ಲ, ಹೊಸ ಕೆಲಸ. ಶುರುವಿನಲ್ಲೇ ಒಂದು ಹಾಳೆಯಲ್ಲಿ ಆ ಪುಸ್ತಕದ ಪದಪಟ್ಟಿ ಬರೆದಿಡಿ: ಎಲ್ಲ ಅಥವಾ ಎಲ್ಲಾ, ಇಸವಿಗೆ ಯಾವ ಅಂಕಿ, ಉದ್ಧರಣೆಗೆ ಒಂಟಿ ಚಿಹ್ನೆಯೋ ಜೋಡಿಯೋ. ಅದನ್ನು ಲೇಖಕರಿಗೆ ತೋರಿಸಿ ಒಪ್ಪಿಗೆ ಪಡೆದರೆ ಎರಡನೆಯ ಸುತ್ತಿನಲ್ಲಿ ಅರ್ಧ ಜಗಳ ಇರುವುದಿಲ್ಲ. ಫೈಲಿನ ಹೆಸರಿನಲ್ಲಿ ‘ಫೈನಲ್’ ಎಂಬ ಪದ ಬೇಡ. ತಾರೀಕು, ಸುತ್ತಿನ ಸಂಖ್ಯೆ ಹಾಕಿ. ‘ಫೈನಲ್ ನ್ಯೂ 2’ ಬದಲು ‘ಫೈನಲ್ ನ್ಯೂ’ ಪ್ರೆಸ್ಸಿಗೆ ಹೋಗಿ ಹಳೆಯ ತಪ್ಪುಗಳೊಂದಿಗೆ ಅಚ್ಚಾದ ಪುಸ್ತಕಗಳು ನಮ್ಮ ಕಪಾಟುಗಳಲ್ಲಿವೆ, ಬೈಸಿಕೊಂಡವರು ಪ್ರೂಫ್ ನೋಡಿದವರು.

ದಿನಾ ಎಷ್ಟು ಗಂಟೆ ಯಾವ ಪುಸ್ತಕಕ್ಕೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಿಲ್ಲು ಕೊಡುವಾಗ ಪದದ ಲೆಕ್ಕದ ಕೆಳಗೆ ಗಂಟೆಯನ್ನೂ ನಮೂದಿಸಿ, ದುಡ್ಡು ಅದರ ಮೇಲೆ ಬರದಿದ್ದರೂ ಸರಿ. ಮುಂದಿನ ಪುಸ್ತಕಕ್ಕೆ ದರ ಮಾತಾಡುವಾಗ ಟೇಬಲ್ಲಿನ ಮೇಲೆ ಆ ಅಂಕಿ ಇರುತ್ತದೆ.

ಇನ್ನು ಪ್ರಕಾಶಕ ಮಿತ್ರರಿಗೆ ಒಂದು. ಹಕ್ಕು ಪುಟದಲ್ಲಿ ಮುಖಪುಟ ಕಲಾವಿದರ ಹೆಸರಿರುತ್ತದೆ, ಪ್ರೆಸ್ಸಿನ ಹೆಸರು ಫೋನ್ ನಂಬರ್ ಸಮೇತ ಇರುತ್ತದೆ, ಕಾಗದ ಎಷ್ಟು ಜಿಎಸ್‌ಎಂ ಎಂಬುದೂ ಇರುತ್ತದೆ. ‘ಕರಡು ತಿದ್ದಿದವರು’ ಎಂಬ ಇನ್ನೊಂದು ಸಾಲಿಗೆ ಅಲ್ಲಿ ಜಾಗವಿದೆ, ಫಾರಂ ಏರುವುದಿಲ್ಲ.